ಉತ್ತರವೇನೋ ಸರಿ, ಯಾವ ಡೇಟಾಬೇಸ್‌ನಲ್ಲಿ?

ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಲು ದುಡ್ಡು ಕಟ್ಟಿ ಕೋರ್ಸಿಗೆ ಸೇರಿದವರು ನನ್ನ ಸುತ್ತ ಬೇಕಾದಷ್ಟು ಮಂದಿ ಇದ್ದಾರೆ. ನಾನು ಕಲಿತದ್ದು ಆನ್‌ಲೈನ್ ಕ್ವಿಜ್ ಪ್ರಶ್ನೆಗಳಿಂದ, ಮತ್ತು ಆ ಪ್ರಶ್ನೆಗಳ ಮೇಲೆ ನಮ್ಮ ಪುಟ್ಟ ವಾಟ್ಸಾಪ್ ಗುಂಪಿನಲ್ಲಿ ನಡೆದ ವಾದಗಳಿಂದ. ಯಾವುದರ ಪಾಲು ಜಾಸ್ತಿ ಅಂತ ಕೇಳಿದರೆ, ವಾದಗಳದ್ದೇ.

ನಾನು ಓದಿದ್ದು ಬಿ.ಕಾಂ. ಕೆಲಸ ಅಕೌಂಟ್ಸ್ ವಿಭಾಗದಲ್ಲಿ. ತಿಂಗಳ ಕೊನೆಗೆ ಬಿಲ್‌ಗಳನ್ನೆಲ್ಲ ಒಟ್ಟು ಮಾಡಿ, ಊರಿಗೆ ಎಷ್ಟು, ಗ್ರಾಹಕರಿಗೆ ಎಷ್ಟು ಅಂತ ರಿಪೋರ್ಟ್ ಕಳಿಸಬೇಕು. ಎಲ್ಲವೂ ಎಕ್ಸೆಲ್‌ನಲ್ಲೇ ನಡೆಯುತ್ತಿತ್ತು. ವಿಲುಕಪ್, ಪಿವಟ್ ಟೇಬಲ್ ಎಲ್ಲ ಕಣ್ಣು ಮುಚ್ಚಿಕೊಂಡು ಹಾಕುವಷ್ಟು ರೂಢಿಯಾಗಿತ್ತು. ಆದರೆ ಎಕ್ಸೆಲ್‌ನ ಒಂದು ಶೀಟಿನಲ್ಲಿ ಹಿಡಿಸುವುದು 10,48,576 ಸಾಲು ಮಾತ್ರ. ನಮ್ಮ ಬಿಲ್ಲಿಂಗ್ ಡೇಟಾ ಆ ಗಡಿ ದಾಟಿತು. ಐಟಿಯವರನ್ನು ಕೇಳಿದಾಗ, ‘ಡೇಟಾಬೇಸ್ ನೋಡೋಕೆ ಲಾಗಿನ್ ಕೊಡ್ತೀವಿ ಮೇಡಂ, ಕ್ವೆರಿ ನೀವೇ ಬರ್ಕೊಳ್ಳಿ’ ಅಂದರು. ಕ್ವೆರಿ ಅಂದರೆ ಎಸ್‌ಕ್ಯೂಎಲ್‌ನಲ್ಲಿ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ಬರೆಯಲು ಬರಬೇಕಲ್ಲ!

ಆಮೇಲೆ ಗೊತ್ತಾದ ಒಂದು ವಿಷಯ ನನಗೆ ಬಹಳ ಧೈರ್ಯ ಕೊಟ್ಟಿತು. ಟೇಬಲ್‌ಗಳ ರೂಪದಲ್ಲಿ ಡೇಟಾ ಇಡುವ ಈ ಪದ್ಧತಿಯನ್ನು 1970ರಲ್ಲಿ ಮಂಡಿಸಿದವರು ಐಬಿಎಂನ ಎಡ್ಗರ್ ಕಾಡ್. ಅದರ ಮೇಲೆ 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಒಂದು ಭಾಷೆ ಕಟ್ಟಿದರು. ಆಗ ಅದರ ಹೆಸರು ಸೀಕ್ವೆಲ್, ಈಗಿನ ಎಸ್‌ಕ್ಯೂಎಲ್ ಅದೇ. ಪ್ರೋಗ್ರಾಮರ್ ಅಲ್ಲದ ಜನರೂ ಇದನ್ನು ಬಳಸಬಹುದು ಅಂತ ಅವರು ತಮ್ಮ ಲೇಖನದಲ್ಲಿ ಬರೆದು, ಅಂಥವರ ಪಟ್ಟಿಯನ್ನೂ ಕೊಟ್ಟರು. ಅದರಲ್ಲಿ ಮೊದಲ ಹೆಸರೇ ಅಕೌಂಟೆಂಟ್‌ಗಳದ್ದು. ಅಂದರೆ ನಾನು ಯಾರದೋ ಕ್ಷೇತ್ರಕ್ಕೆ ಕಾಲಿಟ್ಟವಳಲ್ಲ, ಇದು ನಮಗಾಗಿಯೇ ಮಾಡಿದ್ದು.

ಎಸ್‌ಕ್ಯೂಎಲ್ ಅಭ್ಯಾಸದ ವೆಬ್‌ಸೈಟ್‌ಗಳಲ್ಲಿ ಮೊದಲು ಹೋದದ್ದು ಎಸ್‌ಕ್ಯೂಎಲ್‌ಝೂಗೆ. ಅಲ್ಲಿ ಜಗತ್ತಿನ ದೇಶಗಳ ಒಂದು ಟೇಬಲ್ ಇದೆ. ಜನಸಂಖ್ಯೆ ಇಷ್ಟಕ್ಕಿಂತ ಹೆಚ್ಚಿರುವ ದೇಶಗಳನ್ನು ತೋರಿಸು, ಇಂಥ ಅಕ್ಷರದಿಂದ ಶುರುವಾಗುವ ದೇಶ ಯಾವುದು, ಹೀಗೆ. ಬ್ರೌಸರ್‌ನಲ್ಲೇ ಬರೆದು, ಅಲ್ಲೇ ಓಡಿಸಿ ನೋಡಬಹುದು. ನಂತರ ಹ್ಯಾಕರ್‌ರ‍್ಯಾಂಕ್. ಅಲ್ಲಿನ ಹವಾಮಾನ ಕೇಂದ್ರಗಳ ಪ್ರಶ್ನೆಗಳ ಸರಣಿ ಮುಗಿಸುವ ಹೊತ್ತಿಗೆ ಯಾವ ಕಾಲಮ್ ಬೇಕು ಅನ್ನುವ ಸೆಲೆಕ್ಟ್, ಯಾವ ಸಾಲು ಬೇಕು ಅನ್ನುವ ವೇರ್, ಯಾವ ಕ್ರಮದಲ್ಲಿ ಅನ್ನುವ ಆರ್ಡರ್ ಬೈ ಕೈಗೆ ಹತ್ತಿದವು. ಈ ಹಂತದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪಿವಟ್ ಟೇಬಲ್ ಮಾಡಿ ಗೊತ್ತಿರುವವರಿಗೆ ಸಾಲುಗಳನ್ನು ಗುಂಪು ಮಾಡಿ ಲೆಕ್ಕ ತೆಗೆಯುವ ಗ್ರೂಪ್ ಬೈ ಕಷ್ಟವಾಗುವುದಿಲ್ಲ. ಹೊಸ ಬಟ್ಟೆ, ಅದೇ ಮನುಷ್ಯ.

ನಿಜವಾದ ಪೇಚಾಟ ಶುರುವಾದದ್ದು ನಾಲ್ಕು ಆಯ್ಕೆಗಳ ಪ್ರಶ್ನೆಗಳಿಗೆ ಬಂದಾಗ. ಕ್ವೆರಿ ಬರೆಯುವ ಪ್ರಶ್ನೆಯಲ್ಲಿ ಹೇಗೋ ತಿದ್ದಿ ತಿದ್ದಿ ಹಸಿರು ಟಿಕ್ ಬರಿಸಬಹುದು. ‘ಈ ಕ್ವೆರಿ ಎಷ್ಟು ಸಾಲು ಕೊಡುತ್ತದೆ?’ ಅನ್ನುವ ಪ್ರಶ್ನೆಯಲ್ಲಿ ಆ ಆಟ ನಡೆಯುವುದಿಲ್ಲ. ತಲೆಯಲ್ಲೇ ಓಡಿಸಬೇಕು. ಅದರಲ್ಲೂ ತಪ್ಪು ಆಯ್ಕೆಗಳನ್ನು ಸುಮ್ನೆ ತುಂಬಿಸಿರುವುದಿಲ್ಲ. ನಾವು ಎಲ್ಲಿ ಎಡವುತ್ತೇವೆ ಅಂತ ಬಲ್ಲವರು ಬೇಕಂತಲೇ ಇಟ್ಟಿರುತ್ತಾರೆ. ಹಾಗಾಗಿ ಒಂದೊಂದು ತಪ್ಪು ಆಯ್ಕೆಯ ಹಿಂದೆಯೂ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ಅದು ಯಾವುದು ಅಂತ ಹುಡುಕುವುದು ಸರಿಯುತ್ತರ ಹುಡುಕುವುದಕ್ಕಿಂತ ಲಾಭದ ಕೆಲಸ.

ಗುಂಪು ಹುಟ್ಟಿದ್ದು ಹೀಗೆ. ನಮ್ಮ ಆಫೀಸಿನ ಟೆಸ್ಟಿಂಗ್ ವಿಭಾಗದ ಗೆಳತಿ ಒಂದು ಪ್ರಶ್ನೆ ಕಳಿಸಿದಳು. ಅವಳ ತಮ್ಮನ ಸ್ನೇಹಿತ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗ, ಇಂಟರ್‌ವ್ಯೂಗೆ ತಯಾರಾಗುತ್ತಿದ್ದ, ಸೇರಿಕೊಂಡ. ಪುಣೆಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯವರೊಬ್ಬರು ಬಂದರು. ಬ್ಯಾಂಕಿನ ಐಟಿ ವಿಭಾಗದಲ್ಲಿದ್ದು ನಿವೃತ್ತರಾಗಿ ಮೈಸೂರಿನಲ್ಲಿರುವ ಹಿರಿಯರೊಬ್ಬರು ಬಂದರು. ಅವರನ್ನು ಎಲ್ಲರೂ ಸರ್ ಅನ್ನುತ್ತೇವೆ. ದಿನಕ್ಕೊಂದು ಪ್ರಶ್ನೆ. ನಿಯಮ ಎರಡೇ: ಓಡಿಸಿ ನೋಡುವ ಮೊದಲು ನಿಮ್ಮ ಊಹೆ ಬರೆಯಬೇಕು, ವಾದ ಮಾಡುವುದಿದ್ದರೆ ನಾಲ್ಕೈದು ಸಾಲಿನ ಪುಟ್ಟ ಟೇಬಲ್ ಮಾಡಿ ತೋರಿಸಬೇಕು. ಎರಡನೆಯದು ಸರ್ ಹಾಕಿದ ನಿಯಮ. ‘ಅಭಿಪ್ರಾಯ ಬೇಡ, ಟೇಬಲ್ ತೋರಿಸಿ’ ಅನ್ನುವುದು ಅವರ ಮಾತು.

ಮೊದಲ ದೊಡ್ಡ ವಾದ ನಲ್ ಬಗ್ಗೆ. ಹತ್ತು ಗ್ರಾಹಕರ ಟೇಬಲ್. ನಾಲ್ವರ ಊರು ಮೈಸೂರು. ನಾಲ್ವರದ್ದು ಬೇರೆ ಬೇರೆ ಊರು. ಇಬ್ಬರ ಊರಿನ ಜಾಗ ನಲ್, ಅಂದರೆ ಏನೂ ತುಂಬಿಲ್ಲ. ಊರು ಮೈಸೂರು ಅಲ್ಲದವರನ್ನು ಕೇಳಿದರೆ ಎಷ್ಟು ಸಾಲು ಬರುತ್ತದೆ? ಹತ್ತರಲ್ಲಿ ನಾಲ್ಕು ಕಳೆದರೆ ಆರು ಅಂತ ಯಾರಿಗಾದರೂ ಅನಿಸುತ್ತದೆ. ಬರುವುದು ನಾಲ್ಕು.

‘ಇದ ಹೆಂಗ ಆತ್ರೀ? ಊರ ಬರೀಲಿಲ್ಲಂದ್ರ ಮೈಸೂರ ಅಲ್ಲಲ್ಲಾ?’ ಅಂತ ಹುಬ್ಬಳ್ಳಿಯವರು ಕೇಳಿದರು.

ಸರ್ ಹೇಳಿದ್ದು ಇಷ್ಟು: ‘ಊರು ಬರೆದಿಲ್ಲ ಅಂದ್ರೆ ಊರು ಇಲ್ಲ ಅಂತಲ್ಲಪ್ಪ. ನಮಗೆ ಗೊತ್ತಿಲ್ಲ ಅಂತ. ಮೈಸೂರೇ ಇರಬಹುದಲ್ಲ?’

ಎಸ್‌ಕ್ಯೂಎಲ್‌ಗೆ ಹೌದು, ಇಲ್ಲ ಅನ್ನುವ ಎರಡು ಉತ್ತರಗಳ ಜೊತೆ ‘ಗೊತ್ತಿಲ್ಲ’ ಅನ್ನುವ ಮೂರನೆಯದೂ ಇದೆ. ನಲ್ ಜೊತೆ ಏನನ್ನು ಹೋಲಿಸಿದರೂ ಗೊತ್ತಿಲ್ಲ ಅನ್ನುತ್ತದೆ. ನಲ್‌ಗೆ ನಲ್ ಸಮವೇ ಅಂದರೂ ಗೊತ್ತಿಲ್ಲ. ವೇರ್ ತನ್ನ ಬಾಗಿಲಲ್ಲಿ ಹೌದು ಅಂದವರನ್ನು ಮಾತ್ರ ಒಳಗೆ ಬಿಡುತ್ತದೆ. ಇಲ್ಲ ಅಂದವರೂ ಹೊರಗೆ, ಗೊತ್ತಿಲ್ಲ ಅಂದವರೂ ಹೊರಗೆ. ಅದಕ್ಕೇ ಈಸ್ ನಲ್ ಅಂತ ಬೇರೆಯೇ ಒಂದು ಪ್ರಯೋಗ ಇದೆ.

ಇದು ಅರ್ಥವಾಯಿತು ಅಂದುಕೊಳ್ಳುವಷ್ಟರಲ್ಲಿ ನಾಟ್ ಇನ್, ಅಂದರೆ ಈ ಪಟ್ಟಿಯಲ್ಲಿ ಇಲ್ಲದ್ದು ಅನ್ನುವ ಷರತ್ತಿನ ಪ್ರಶ್ನೆ ಬಂತು. ಗ್ರಾಹಕರು 1, 2, 3. ಆರ್ಡರ್ ಟೇಬಲ್‌ನಲ್ಲಿ ಗ್ರಾಹಕ ಸಂಖ್ಯೆಗಳು 1, 2, ಮತ್ತು ಒಂದು ನಲ್. ಒಂದೂ ಆರ್ಡರ್ ಕೊಡದ ಗ್ರಾಹಕರು ಯಾರು ಅಂತ ನಾಟ್ ಇನ್ ಹಾಕಿ ಕೇಳಿದರೆ? 3 ಅನ್ನುವುದು ಎಲ್ಲರ ಊಹೆ. ಉತ್ತರ ಖಾಲಿ. ಒಂದು ಸಾಲೂ ಬರುವುದಿಲ್ಲ. ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. 3 ಅನ್ನುವುದು 1 ಅಲ್ಲ, ಹೌದು. 2 ಅಲ್ಲ, ಹೌದು. ನಲ್ ಅಲ್ಲವಾ? ಗೊತ್ತಿಲ್ಲ. ಮೂರನ್ನೂ ಸೇರಿಸಿದರೆ ಗೊತ್ತಿಲ್ಲ. ಆದ್ದರಿಂದ 3ನೇ ಗ್ರಾಹಕ ಹೊರಗೆ. ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೆ ಸಾಕು, ಇಡೀ ಉತ್ತರ ಮಾಯ. ಎರರ್ ಕೂಡ ಬರುವುದಿಲ್ಲ, ಅದೇ ಭಯದ ವಿಷಯ. ಹೊಂದುವ ಸಾಲು ಒಂದೂ ಇಲ್ಲವೇ ಅಂತ ನೋಡುವ ನಾಟ್ ಎಕ್ಸಿಸ್ಟ್ಸ್ ಬಳಸಿದರೆ 3 ಸರಿಯಾಗಿ ಬರುತ್ತದೆ. ಅಂದಿನಿಂದ ಕ್ವೆರಿಯೊಳಗೆ ಬರುವ ಇನ್ನೊಂದು ಕ್ವೆರಿ, ಅಂದರೆ ಸಬ್‌ಕ್ವೆರಿಯ ಜೊತೆ ನಾಟ್ ಇನ್ ಬರೆಯುವುದನ್ನೇ ನಾನು ಬಿಟ್ಟಿದ್ದೇನೆ.

ಇದೇ ನಲ್ ಒಂದೊಂದು ಕಡೆ ಒಂದೊಂದು ಥರ ನಡೆದುಕೊಳ್ಳುತ್ತದೆ. 100, 200, ನಲ್ ಇರುವ ಕಾಲಮ್‌ನ ಸರಾಸರಿ 100 ಅಲ್ಲ, 150. ಖಾಲಿ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲುಗಳನ್ನು ಎಣಿಸುವ ಕೌಂಟ್ ಸ್ಟಾರ್ ಅಂದರೆ 3, ಅದೇ ಕಾಲಮ್‌ನ ಹೆಸರು ಹಾಕಿ ಕೌಂಟ್ ಕೇಳಿದರೆ 2. ಸಾಲೇ ಇಲ್ಲದ ಟೇಬಲ್‌ನಲ್ಲಿ ಕೌಂಟ್ 0 ಕೊಡುತ್ತದೆ, ಆದರೆ ಒಟ್ಟು ಮಾಡುವ ಸಮ್ ಕೊಡುವುದು ನಲ್. ಅಕೌಂಟ್ಸ್‌ನವಳಾದ ನನಗೆ ಇದು ಈಗಲೂ ಒಪ್ಪಿಗೆಯಿಲ್ಲ. ಏನೂ ಮಾರದ ದಿನದ ಮಾರಾಟ ಸೊನ್ನೆಯೇ ತಾನೆ? ಹೋಗಲಿ ಬಿಡಿ, ನಲ್ ಬದಲು ಬೇರೆ ಬೆಲೆ ಕೊಡುವ ಕೋಲೆಸ್ ಹಾಕಿ ಸೊನ್ನೆ ಮಾಡಿಕೊಳ್ಳುತ್ತೇನೆ.

ದಾವಣಗೆರೆಯ ಹುಡುಗ ಒಂದು ದಿನ ಸರ್ ಅವರನ್ನೇ ಹಿಡಿದ. ‘ನಲ್‌ಗೆ ನಲ್ ಸಮ ಅಲ್ಲ ಅಂತೀರಲ್ಲ ಸರ್, ಗ್ರೂಪ್ ಬೈ ಮಾಡಿದರೆ ಎಲ್ಲ ನಲ್‌ಗಳೂ ಒಂದೇ ಗುಂಪಿಗೆ ಹೋಗ್ತಾವಲ್ಲ?’ ಟೇಬಲ್ ಸಮೇತ ತೋರಿಸಿದ. ಎರಡು ಕ್ವೆರಿಗಳ ಫಲಿತಾಂಶವನ್ನು ಒಂದುಗೂಡಿಸುವ ಯೂನಿಯನ್‌ನಲ್ಲೂ ಹಾಗೆಯೇ, ಎರಡು ನಲ್ ಸೇರಿ ಒಂದಾಗುತ್ತವೆ. ಅವನ ಮಾತು ಸರಿಯೇ ಇತ್ತು. ಸರ್ ಇನ್ನೊಂದು ಸೇರಿಸಿದರು. ವಯಸ್ಸು 18ಕ್ಕಿಂತ ಹೆಚ್ಚಿರಬೇಕು ಅಂತ ಟೇಬಲ್‌ಗೆ ಚೆಕ್ ಹಾಕಿದರೂ ವಯಸ್ಸು ನಲ್ ಇರುವ ಸಾಲು ಒಳಗೆ ಬರುತ್ತದೆ. ವೇರ್ ‘ಗೊತ್ತಿಲ್ಲ’ವನ್ನು ಹೊರಗಿಡುತ್ತದೆ, ಚೆಕ್ ಒಳಗೆ ಬಿಡುತ್ತದೆ. ಕಾಡ್ ಅವರೇ 1990ರ ತಮ್ಮ ಪುಸ್ತಕದಲ್ಲಿ, ಒಂದು ಬಗೆಯ ನಲ್ ಸಾಲದು, ಬೆಲೆ ಇದೆ ಆದರೆ ತಿಳಿದಿಲ್ಲ ಅನ್ನುವುದಕ್ಕೊಂದು, ಆ ಸಾಲಿಗೆ ಅದು ಅನ್ವಯಿಸುವುದೇ ಇಲ್ಲ ಅನ್ನುವುದಕ್ಕೊಂದು ಬೇಕು ಅಂದಿದ್ದರು. ನಡೆಯಲಿಲ್ಲ. ಒಂದನ್ನು ಸಂಭಾಳಿಸುವುದೇ ಇಷ್ಟು ಕಷ್ಟ, ಎರಡಿದ್ದಿದ್ದರೆ ನಾನಂತೂ ಎಕ್ಸೆಲ್‌ಗೇ ವಾಪಸ್ ಹೋಗುತ್ತಿದ್ದೆ.

ಇನ್ನೊಂದು ಬಗೆಯ ವಾದ ಪದೇ ಪದೇ ಬರುತ್ತಿತ್ತು. ಎಲ್ಲರೂ ಸರಿ, ಆದರೆ ಎಲ್ಲರ ಉತ್ತರವೂ ಬೇರೆ, ಯಾಕೆಂದರೆ ಒಬ್ಬೊಬ್ಬರು ಬಳಸುವ ಡೇಟಾಬೇಸ್ ಸಾಫ್ಟ್‌ವೇರ್ ಬೇರೆ. 5 ಭಾಗಿಸು 2 ಎಷ್ಟು? ನಾನು ಆಫೀಸಿನ ಮೈಎಸ್‌ಕ್ಯೂಎಲ್‌ನಲ್ಲಿ ನೋಡಿ ಎರಡೂವರೆ ಅಂದೆ. ದಾವಣಗೆರೆ ಹುಡುಗ ಪೋಸ್ಟ್‌ಗ್ರೆಸ್‌ನಲ್ಲಿ ಓಡಿಸಿ 2 ಅಂದ. ಹುಬ್ಬಳ್ಳಿಯವರದ್ದು ಎಸ್‌ಕ್ಯೂಎಲ್ ಸರ್ವರ್, ಅವರಿಗೂ 2. ಸರ್ ಜೀವನವೆಲ್ಲ ಒರಾಕಲ್‌ನಲ್ಲಿ ಕಳೆದವರು, ಅವರಿಗೆ ಎರಡೂವರೆ. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಉತ್ತರವೂ ಪೂರ್ಣಾಂಕ ಅನ್ನುವುದು ಕೆಲವು ಡೇಟಾಬೇಸ್‌ಗಳ ಪದ್ಧತಿ. ಶೇಕಡಾವಾರು ಲೆಕ್ಕ ಹಾಕುವವರು ಇದನ್ನು ಮರೆತರೆ ಎಲ್ಲ ಸೊನ್ನೆ ಬರುತ್ತದೆ.

ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಲ್ ಎಲ್ಲಿ ಕೂರುತ್ತದೆ? ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಮೇಲೆ. ಪೋಸ್ಟ್‌ಗ್ರೆಸ್, ಒರಾಕಲ್‌ನಲ್ಲಿ ಕೆಳಗೆ. ಒಂದಕ್ಷರವೂ ಇಲ್ಲದ ಪಠ್ಯ, ಅಂದರೆ ಖಾಲಿ ಸ್ಟ್ರಿಂಗ್, ಮತ್ತು ನಲ್ ಒಂದೇನಾ? ಅಲ್ಲ, ಒರಾಕಲ್ ಬಿಟ್ಟರೆ. ಸರ್‌ಗೆ ಇದನ್ನು ಕೇಳಿ ನಗು. ಅವರ ಬ್ಯಾಂಕಿನಲ್ಲಿ ಎಲ್ಲರೂ ಎರಡೂ ಒಂದೇ ಅಂತಲೇ ವರ್ಷಗಟ್ಟಲೆ ಕೋಡ್ ಬರೆದಿದ್ದರಂತೆ. ಎಸ್‌ಕ್ಯೂಎಲ್‌ಗೆ 1986ರಲ್ಲೇ ಅಮೆರಿಕದ ಪ್ರಮಾಣ ಬಂತು, ಮರುವರ್ಷ ಐಎಸ್‌ಒ ಪ್ರಮಾಣವಾಯಿತು. ಆದರೂ ಪ್ರತಿ ಕಂಪನಿಯದ್ದೂ ಒಂದೊಂದು ಆಡುಮಾತು.

ಕಾಲದ ಕಾಟವೂ ಇದೆ. ಹಳೆಯ ಕ್ವಿಜ್ ಒಂದರಲ್ಲಿ, ಗ್ರೂಪ್ ಬೈಯಲ್ಲಿ ಇಲ್ಲದ ಕಾಲಮ್ ಅನ್ನು ಸೆಲೆಕ್ಟ್‌ನಲ್ಲಿ ಹಾಕಿದರೆ ಮೈಎಸ್‌ಕ್ಯೂಎಲ್ ಯಾವುದೋ ಒಂದು ಸಾಲಿನ ಬೆಲೆ ಕೊಡುತ್ತದೆ ಅನ್ನುವುದು ಸರಿಯುತ್ತರ. ನನ್ನ ಕಂಪ್ಯೂಟರ್‌ನಲ್ಲಿ ಎರರ್ ಬಂತು. ಎರಡೂ ನಿಜ. 5.7 ಆವೃತ್ತಿಯಿಂದ ಆ ಸಲುಗೆಯನ್ನು ಮೂಲ ಸೆಟ್ಟಿಂಗ್‌ನಲ್ಲೇ ನಿಲ್ಲಿಸಿದ್ದಾರೆ. ಅದಾದ ಮೇಲೆ ನಮ್ಮ ಗುಂಪಿನಲ್ಲಿ ಮೂರನೇ ನಿಯಮ ಬಂತು: ಪ್ರಶ್ನೆ ಹಾಕುವವರು ಡೇಟಾಬೇಸ್ ಯಾವುದು, ಆವೃತ್ತಿ ಎಷ್ಟು ಅಂತ ಮೊದಲೇ ಹೇಳಬೇಕು.

ಕ್ವೆರಿ ಯಾವ ಕ್ರಮದಲ್ಲಿ ನಡೆಯುತ್ತದೆ ಅನ್ನುವ ಪ್ರಶ್ನೆ ಬಹುತೇಕ ಎಲ್ಲ ಕ್ವಿಜ್‌ಗಳಲ್ಲೂ ಇರುತ್ತದೆ. ಬರೆಯುವಾಗ ಸೆಲೆಕ್ಟ್ ಮೊದಲು. ನಡೆಯುವಾಗ ಫ್ರಮ್ ಮೊದಲು, ಆಮೇಲೆ ವೇರ್, ಗ್ರೂಪ್ ಬೈ, ಹ್ಯಾವಿಂಗ್, ಅದಾದ ಮೇಲೆ ಸೆಲೆಕ್ಟ್, ಕೊನೆಗೆ ಆರ್ಡರ್ ಬೈ. ಸೆಲೆಕ್ಟ್‌ನಲ್ಲಿ ಇಟ್ಟ ಅಡ್ಡಹೆಸರು ವೇರ್‌ಗೆ ಗೊತ್ತಾಗದೆ ಇರುವುದು ಇದಕ್ಕೇ. ಗೆಳತಿಗೆ ಈ ಕ್ರಮ ನೆನಪಿರುತ್ತಿರಲಿಲ್ಲ. ಕನ್ನಡದಲ್ಲಿ ಹೇಳಿಕೋ ಅಂದೆ. ‘ಬಿಲ್ ಪಟ್ಟಿಯಿಂದ, ಏಪ್ರಿಲ್‌ನವನ್ನು ಆರಿಸಿ, ಊರುವಾರು ಗುಂಪು ಮಾಡಿ, ಲಕ್ಷ ದಾಟಿದ ಗುಂಪು ಮಾತ್ರ ಇಟ್ಟುಕೊಂಡು, ಒಟ್ಟು ಮೊತ್ತ ತೋರಿಸು.’ ನಮ್ಮ ವಾಕ್ಯದಲ್ಲಿ ‘ತೋರಿಸು’ ಕೊನೆಗೇ ಬರುವುದು. ಯಂತ್ರವೂ ಹಾಗೇ ಮಾಡುತ್ತದೆ. ಈಗ ನಾನು ಕ್ವೆರಿ ಬರೆಯುವ ಮೊದಲು ಒಂದು ಸಲ ಕನ್ನಡದಲ್ಲಿ ಹೇಳಿಕೊಂಡು, ಫ್ರಮ್‌ನಿಂದ ಶುರುಮಾಡಿ ಬರೆದು, ಸೆಲೆಕ್ಟ್ ಸಾಲನ್ನು ಕೊನೆಗೆ ಮೇಲೆ ಸೇರಿಸುತ್ತೇನೆ.

ಎರಡು ಟೇಬಲ್‌ಗಳ ಸಾಲುಗಳನ್ನು ಜೋಡಿಸುವ ಜಾಯಿನ್ ವಿಷಯಕ್ಕೆ ಬಂದರೆ, ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಓಡಾಡುವ ಒಂದು ಪ್ರಶ್ನೆ ಇದೆ. ಒಂದು ಟೇಬಲ್‌ನಲ್ಲಿ 1, 1, 2, ನಲ್. ಇನ್ನೊಂದರಲ್ಲಿ 1, 1, 3, ನಲ್. ಬೆಲೆ ಹೊಂದುವ ಜೋಡಿಗಳನ್ನಷ್ಟೇ ಇಟ್ಟುಕೊಳ್ಳುವ ಇನ್ನರ್ ಜಾಯಿನ್ ಮಾಡಿದರೆ ಎಷ್ಟು ಸಾಲು? ಎರಡು ಅನ್ನುವವರೇ ಜಾಸ್ತಿ. ಉತ್ತರ 4. ಈ ಕಡೆಯ ಪ್ರತಿ 1 ಆ ಕಡೆಯ ಪ್ರತಿ 1ರ ಜೊತೆ ಸೇರುತ್ತದೆ, ಎರಡೆರಡಲಿ ನಾಲ್ಕು. ನಲ್‌ಗೆ ನಲ್ ಜೋಡಿಯಾಗುವುದಿಲ್ಲ. ಲೆಫ್ಟ್ ಜಾಯಿನ್ ಆದರೆ ಆ ನಾಲ್ಕರ ಜೊತೆ ಮೊದಲ ಟೇಬಲ್‌ನ ಜೋಡಿ ಸಿಗದ 2 ಮತ್ತು ನಲ್ ಸೇರಿ 6. ಎರಡೂ ಕಡೆಯ ಜೋಡಿ ಸಿಗದವನ್ನೂ ಇಟ್ಟುಕೊಳ್ಳುವ ಫುಲ್ ಔಟರ್ ಆದರೆ 8. ಇದನ್ನು ಕಾಗದದ ಮೇಲೆ ಗೆರೆ ಎಳೆದು ಮಾಡಿದ ಮೇಲೆ, ಎರಡು ಸುತ್ತುಗಳನ್ನು ಒಂದರ ಮೇಲೊಂದು ಇಟ್ಟು ಜಾಯಿನ್ ವಿವರಿಸುವ ಚಿತ್ರಗಳ ಮೇಲೆ ನನಗೆ ನಂಬಿಕೆ ಹೋಯಿತು. ಸಾಲುಗಳು ಹೆಚ್ಚಾಗಬಹುದು ಅನ್ನುವ ಮುಖ್ಯ ಸಂಗತಿಯೇ ಆ ಚಿತ್ರದಲ್ಲಿ ಇಲ್ಲ.

ಲೆಫ್ಟ್ ಜಾಯಿನ್‌ದು ಮತ್ತೊಂದು ಬಲೆ. ಎಲ್ಲ ಗ್ರಾಹಕರೂ ಬೇಕು, ಏಪ್ರಿಲ್‌ನಲ್ಲಿ ಬಿಲ್ ಇದ್ದರೆ ಅದೂ ಬೇಕು. ಏಪ್ರಿಲ್ ಷರತ್ತನ್ನು ವೇರ್‌ನಲ್ಲಿ ಹಾಕಿದರೆ, ಬಿಲ್ ಇಲ್ಲದ ಗ್ರಾಹಕರ ಸಾಲಿನಲ್ಲಿ ದಿನಾಂಕ ನಲ್ ಆಗಿರುತ್ತದೆ, ವೇರ್ ಅವರನ್ನು ಹೊರಹಾಕುತ್ತದೆ. ಲೆಫ್ಟ್ ಅಂತ ಬರೆದಿದ್ದರೂ ಇನ್ನರ್ ಆಗಿಹೋಗುತ್ತದೆ. ಷರತ್ತು, ಸಾಲುಗಳನ್ನು ಹೇಗೆ ಜೋಡಿಸಬೇಕು ಅಂತ ಹೇಳುವ ಆನ್ ಜೊತೆಗೇ ಇರಬೇಕು. ಮತ್ತೆ ಅದೇ ನಲ್, ನೋಡಿ.

ಲೀಟ್‌ಕೋಡ್ ಅನ್ನುವ ಅಭ್ಯಾಸದ ತಾಣದ ‘ಎರಡನೇ ಅತಿ ಹೆಚ್ಚು ಸಂಬಳ’ ಪ್ರಶ್ನೆ ಒಂದು ವಾರ ನಮ್ಮ ಗುಂಪನ್ನು ಬಿಡಲಿಲ್ಲ. ಇಬ್ಬರಿಗೆ 90, ಒಬ್ಬರಿಗೆ 80 ಇದ್ದರೆ ಎರಡನೆಯದು ಯಾವುದು? ಸಾಲುಗಳಿಗೆ ಸುಮ್ನೆ ನಂಬರ್ ಹಾಕುವ ರೋ ನಂಬರ್ 1, 2, 3 ಕೊಡುತ್ತದೆ. ರ‍್ಯಾಂಕ್ 1, 1, 3 ಕೊಡುತ್ತದೆ, ಎರಡನೇ ಸ್ಥಾನವೇ ಇಲ್ಲ. ಡೆನ್ಸ್ ರ‍್ಯಾಂಕ್ 1, 1, 2. ಈ ಪ್ರಶ್ನೆಗೆ ಬೇಕಾದದ್ದು ಮೂರನೆಯದು. ಒಂದೇ ಸಂಬಳ ಇದ್ದರೆ ಉತ್ತರ ಖಾಲಿ ಬರಬಾರದು, ನಲ್ ಬರಬೇಕು ಅಂತಲೂ ಅಲ್ಲಿ ಷರತ್ತಿದೆ. ಈ ಬಗೆಯ ವಿಂಡೋ ಫಂಕ್ಷನ್‌ಗಳು ಮೈಎಸ್‌ಕ್ಯೂಎಲ್‌ಗೆ ಬಂದದ್ದೇ 2018ರ 8.0 ಆವೃತ್ತಿಯಲ್ಲಿ. ಅದಕ್ಕೂ ಮುಂಚಿನ ಉತ್ತರಗಳನ್ನು ಓದಿದರೆ ಜನ ಪಟ್ಟ ಪಾಡು ಕಾಣುತ್ತದೆ.

ಹುಬ್ಬಳ್ಳಿಯವರು ಒಮ್ಮೆ ತಮ್ಮದೇ ಪ್ರಶ್ನೆ ಮಾಡಿ ಹಾಕಿದರು. ಮೈಎಸ್‌ಕ್ಯೂಎಲ್‌ನಲ್ಲಿ ‘ಕನ್ನಡ’ ಅನ್ನುವ ಪದದ ಉದ್ದ ಎಷ್ಟು? ಕಣ್ಣಿಗೆ ಕಾಣುವುದು ಮೂರು ಅಕ್ಷರ. ಆಯ್ಕೆಗಳು 3, 5, 9, 15. ಚಾರ್ ಲೆಂತ್ ಕೇಳಿದರೆ 5 ಬರುತ್ತದೆ. ಯೂನಿಕೋಡ್‌ನಲ್ಲಿ ಕ, ನ, ಒತ್ತಕ್ಷರಕ್ಕೆ ಬೆಸೆಯುವ ಹಲಂತ ಗುರುತು, ಇನ್ನೊಂದು ನ, ಡ, ಹೀಗೆ ಐದು ಸಂಕೇತಗಳು. ಲೆಂತ್ ಕೇಳಿದರೆ 15. ಅದು ಎಣಿಸುವುದು ಬೈಟ್‌ಗಳನ್ನು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಹೆಸರಿನ ಕಾಲಮ್‌ಗೆ ಅಗಲ ಗೊತ್ತುಮಾಡುವಾಗ ಇಂಗ್ಲಿಷ್ ಹೆಸರುಗಳನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡರೆ ಕನ್ನಡದ ಹೆಸರು ಹಿಡಿಸದೇ ಹೋಗಬಹುದು. ಅವರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇನ್ನೊಂದು ತಮಾಷೆ. ಕನ್ನಡ ಪಠ್ಯದ ಮುಂದೆ ‘ಎನ್’ ಅಕ್ಷರ ಹಾಕದೆ ಸೇರಿಸಿದರೆ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಳಗೆ ಹೋಗುವುದು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಒಮ್ಮೆ ಹಾಗೆ ಸೇರಿದರೆ ಮೂಲ ಪಠ್ಯ ಮತ್ತೆ ಸಿಗುವುದಿಲ್ಲ. ಇಂಥ ಪ್ರಶ್ನೆ ಬೇರೆ ಯಾವ ಕ್ವಿಜ್‌ನಲ್ಲೂ ನಮಗೆ ಸಿಕ್ಕಿರಲಿಲ್ಲ. ನಾವೇ ಪ್ರಶ್ನೆ ಕಟ್ಟುವುದು ಶುರುವಾದದ್ದು ಇಲ್ಲಿಂದ. ನಂಬುವಂಥ ಮೂರು ತಪ್ಪು ಆಯ್ಕೆ ಬರೆಯುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಇದೆಲ್ಲ ಕೆಲಸಕ್ಕೆ ಬಂತಾ? ಬಂತು. ತಿಂಗಳ ರಿಪೋರ್ಟ್‌ಗೆ ಮೊದಲಿನಿಂದ ಬಳಸುತ್ತಿದ್ದ ಒಂದು ಕ್ವೆರಿ ನನ್ನ ಕೈಗೆ ಬಂತು. ಬಿಟ್ವೀನ್ ಹಾಕಿ ಏಪ್ರಿಲ್ 1ರಿಂದ ಏಪ್ರಿಲ್ 30 ಅಂತ ಇತ್ತು. ಬಿಟ್ವೀನ್‌ನಲ್ಲಿ ಎರಡೂ ತುದಿ ಸೇರುತ್ತವೆ ಅನ್ನುವುದು ಕ್ವಿಜ್‌ನ ಮಾಮೂಲಿ ಪ್ರಶ್ನೆ. ಅದರ ಮೇಲಿನ ಚರ್ಚೆಯಲ್ಲಿ ಸರ್ ಕೇಳಿದ್ದರು: ಕಾಲಮ್‌ನಲ್ಲಿ ಗಂಟೆ, ನಿಮಿಷವೂ ಇದ್ದರೆ? ಆಗ ಏಪ್ರಿಲ್ 30 ಅಂದರೆ ಆ ದಿನ ಶುರುವಾಗುವ ಮಧ್ಯರಾತ್ರಿ ಹನ್ನೆರಡು ಗಂಟೆ. 30ರಂದು ಬೆಳಗ್ಗೆ ಹತ್ತಕ್ಕೆ ಹಾಕಿದ ಬಿಲ್ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಬಿಲ್ ಕಾಲಮ್‌ನಲ್ಲಿ ಸಮಯವೂ ಇತ್ತು. ತಿಂಗಳ ಕೊನೆಯ ದಿನವೇ ಬಿಲ್ ಜಾಸ್ತಿ. ಏಪ್ರಿಲ್ 1 ಅಥವಾ ನಂತರ, ಮೇ 1ಕ್ಕಿಂತ ಮೊದಲು ಅಂತ ಬದಲಿಸಿದೆ. ಎರಡರ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ಮ್ಯಾನೇಜರ್‌ಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕ್ವಿಜ್‌ಗಳು ಕಲಿಸದ ವಿಷಯವೂ ಇದೆ. ಕ್ವಿಜ್‌ನ ಟೇಬಲ್ ಯಾವಾಗಲೂ ಚೊಕ್ಕವಾಗಿರುತ್ತದೆ. ನಮ್ಮದು ಹಾಗಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ನಮ್ಮ ಡೇಟಾದಲ್ಲಿ ಹಳೆಯದೂ ಇದೆ, ಹೊಸದೂ ಇದೆ, ಟೈಪ್ ಮಾಡುವವರ ಕೈಚಳಕವೂ ಇದೆ. ಊರುವಾರು ಗ್ರೂಪ್ ಬೈ ಮಾಡಿದರೆ ಒಂದೇ ಊರು ನಾಲ್ಕು ಕಡೆ ಬರುತ್ತದೆ. ಯಾವ ಆಯ್ಕೆ ಸರಿ ಅಂತ ಕೇಳುವವರು ಇಲ್ಲಿ ಯಾರೂ ಇಲ್ಲ. ಪ್ರಶ್ನೆ ಏನು ಅನ್ನುವುದನ್ನೇ ನಾವು ಹುಡುಕಬೇಕು.

ಗುಂಪಿನಲ್ಲಿ ಕೇಳಿದೆ. ‘ಮೂಲ ಡೇಟಾ ಮುಟ್ಟಬೇಡಮ್ಮ. ಬರೆದಿರುವ ಹೆಸರು ಒಂದು ಕಾಲಮ್, ಸರಿಯಾದ ಹೆಸರು ಇನ್ನೊಂದು ಕಾಲಮ್. ಬೇರೆ ಟೇಬಲ್ ಮಾಡಿ ಜಾಯಿನ್ ಮಾಡು’ ಅಂದರು ಸರ್. ಮಾಡಿದೆ. ಆದರೆ ಆ ಹೊಸ ಟೇಬಲ್‌ನಲ್ಲಿ ಬೆಳಗಾಂ ಎರಡು ಸಲ ಸೇರಿಬಿಟ್ಟರೆ ಬೆಳಗಾಂ ಅಂತ ಬರೆದ ಬಿಲ್‌ಗಳ ಮೊತ್ತ ಎರಡು ಪಟ್ಟು ತೋರಿಸುತ್ತದೆ. ಎರಡೆರಡಲಿ ನಾಲ್ಕು ನೆನಪಿತ್ತಲ್ಲ. ಬರೆದಿರುವ ಹೆಸರಿಗೆ, ಒಂದೇ ಹೆಸರು ಎರಡು ಸಲ ಸೇರದಂತೆ ತಡೆಯುವ ಯೂನಿಕ್ ಹಾಕಿದೆ. ಈಗಲೂ ಯಾವುದೇ ಜಾಯಿನ್‌ಗೆ ಮುಂಚೆ ಒಂದು ಕೌಂಟ್, ಆಮೇಲೆ ಒಂದು ಕೌಂಟ್ ನೋಡದೆ ರಿಪೋರ್ಟ್ ಕಳಿಸುವುದಿಲ್ಲ.

ದಾವಣಗೆರೆಯ ಹುಡುಗನಿಗೆ ಈಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಇಂಟರ್‌ವ್ಯೂನಲ್ಲಿ ಆ ಜಾಯಿನ್ ಪ್ರಶ್ನೆಯನ್ನೇ ಕೇಳಿದರಂತೆ. ‘ಅಕ್ಕಾ, ನಲ್ ಇಲ್ಲದೇ ಕೇಳಿದ್ರು, ನಾನೇ ನಲ್ ಸೇರಿಸಿ ಹೇಳಿದೆ’ ಅಂತ ಮೆಸೇಜ್ ಹಾಕಿದ್ದ. ಈಗ ಅವನು ತರುತ್ತಿರುವುದು ವೇಗದ ಪ್ರಶ್ನೆಗಳು. ಬಿಲ್ ದಿನಾಂಕಕ್ಕೆ ಇಂಡೆಕ್ಸ್, ಅಂದರೆ ಬೇಗ ಹುಡುಕಲು ನೆರವಾಗುವ ಸೂಚಿ, ಇದೆ. ದಿನಾಂಕದಿಂದ ವರ್ಷ, ತಿಂಗಳು ಬೇರ್ಪಡಿಸಿ 2023ರ ಏಪ್ರಿಲ್ ಅಂತ ಕೇಳಿದರೆ ಆ ಇಂಡೆಕ್ಸ್ ಬಳಕೆಯಾಗುತ್ತದಾ? ಇಲ್ಲ, ಕಾಲಮ್‌ಗೆ ಫಂಕ್ಷನ್ ಸುತ್ತಿದರೆ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಇಂಥ ದಿನದಿಂದ ಇಂಥ ದಿನದೊಳಗೆ ಅಂತ ಬರೆಯಬೇಕು ಅನ್ನುವುದು ಕ್ವಿಜ್‌ನ ಉತ್ತರ. ಪುಟ್ಟ ಟೇಬಲ್ ನಿಯಮದ ಪ್ರಕಾರ ಗೆಳತಿ ಐದು ಸಾಲಿನ ಟೇಬಲ್ ಮಾಡಿ ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಓಡಿಸಿದಳು. ಎರಡು ರೀತಿ ಬರೆದರೂ ಡೇಟಾಬೇಸ್ ಇಡೀ ಟೇಬಲ್ ಓದಿತು. ಐದು ಸಾಲಿಗೆ ಇಂಡೆಕ್ಸ್ ಯಾಕೆ ಅಂತ ಅದು ಲೆಕ್ಕ ಹಾಕಿರುತ್ತದೆ. ಹುಡುಗ ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್ ಬಳಸಿ ಹತ್ತು ಲಕ್ಷ ಸಾಲು ಹುಟ್ಟಿಸಿದ. ಆಗ ವ್ಯತ್ಯಾಸ ಕಂಡಿತು. ಅಷ್ಟರಲ್ಲಿ ಹುಬ್ಬಳ್ಳಿಯವರು, ‘ಪೋಸ್ಟ್‌ಗ್ರೆಸ್‌ನ್ಯಾಗ ಆ ಲೆಕ್ಕದ ಮ್ಯಾಲೇ ಇಂಡೆಕ್ಸ್ ಕಟ್ಟಬಹುದಲ್ರೀ, ಆವಾಗ ಏನಂತೀರಿ?’ ಅಂತ ಬರೆದರು. ಸರ್ ಇನ್ನೂ ಉತ್ತರ ಕೊಟ್ಟಿಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಪೋಸ್ಟ್‌ಗ್ರೆಸ್ ಹಾಕಿಕೊಳ್ಳುತ್ತಿದ್ದಾರಂತೆ.